ರಾಶಿ ಮುಗಿದ ಮೇಲೆ ವಿಮಾನ

ಮಾರ್ಚ್ ಮುಗಿಯುವ ಹೊತ್ತಿಗೆ ಕಲಬುರಗಿಯಲ್ಲಿ ಹೊರದೇಶ ಪ್ರವಾಸದ ಜಾಹೀರಾತುಗಳು ಶುರುವಾಗುತ್ತವೆ. ದುಬೈ ಐದು ರಾತ್ರಿ, ಬ್ಯಾಂಕಾಕ್–ಪಟ್ಟಾಯ ನಾಲ್ಕು ರಾತ್ರಿ, ಸಿಂಗಪುರ–ಮಲೇಷ್ಯಾ ಆರು ರಾತ್ರಿ. ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇವು ಹರಿದಾಡುತ್ತವೆ. ಜೊತೆಗೆ ಯಾವ ದೇಶಕ್ಕೆ ಯಾವ ತಿಂಗಳು ಒಳ್ಳೆಯದು ಎಂಬ ಪಟ್ಟಿಗಳೂ ಬರುತ್ತವೆ. ಆ ಪಟ್ಟಿಗಳು ಸುಳ್ಳೇನಲ್ಲ. ಆದರೆ ಅವುಗಳನ್ನು ಬರೆದವರ ಮನಸ್ಸಿನಲ್ಲಿರುವ ಪ್ರವಾಸಿಗ ತಿಂಗಳ ಸಂಬಳದವನು, ರಜೆ ಚೀಟಿ ಬರೆದುಕೊಟ್ಟು ಬಾಗಿಲಿಗೆ ಬೀಗ ಹಾಕಿ ಹೊರಡುವವನು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳು ಹಾಗಿಲ್ಲ. ಇಲ್ಲಿ ಮಾಸ್ತರಿಗೂ ಹೊಲ ಇದೆ, ಬ್ಯಾಂಕಿನವರಿಗೂ ಹೊಲ ಇದೆ, ಕಿರಾಣಿ ಅಂಗಡಿಯ ಗಿರಾಕಿಯ ಉದ್ರಿ ತೀರುವುದೂ ತೊಗರಿ ಮಾರಿದ ಮೇಲೆಯೇ.

ಹೋಗುವ ಊರಿನ ಹವೆ ನೋಡುವುದು ಅರ್ಧ ಲೆಕ್ಕ. ಬಿಟ್ಟು ಹೋಗುವ ಊರಿನ ಹಂಗಾಮು ಇನ್ನರ್ಧ. ಈ ಎರಡನೆಯ ಅರ್ಧವನ್ನು ನಮಗಾಗಿ ಯಾರೂ ಬರೆದುಕೊಡುವುದಿಲ್ಲ, ನಾವೇ ಕೂತು ಹಾಕಿಕೊಳ್ಳಬೇಕು. ಹಾಗೆ ಹಾಕಿ ನೋಡಿದರೆ ಇಲ್ಲಿನ ಬಹಳಷ್ಟು ಕುಟುಂಬಗಳಿಗೆ ಹೊರದೇಶಕ್ಕೆ ಹೋಗಲು ತಕ್ಕ ಕಾಲ ಜಾಹೀರಾತಿನ ಕಾಲವಲ್ಲ ಎಂಬುದು ನನ್ನ ವಾದ.

ಯಾರು ಹೋಗುತ್ತಾರೆ ಎಂಬುದನ್ನು ಮೊದಲು ನೋಡೋಣ. ಹಿಂದೆ ಈ ಕಡೆಯಿಂದ ಹೊರದೇಶ ಎಂದರೆ ಹಜ್, ಇಲ್ಲವೇ ಕೊಲ್ಲಿ ದೇಶಗಳ ದುಡಿಮೆ. ಆಮೇಲೆ ಇಂಜಿನಿಯರಿಂಗ್ ಓದಿದ ಮಕ್ಕಳು ಬೆಂಗಳೂರು, ಹೈದರಾಬಾದ್ ದಾಟಿ ಅಮೆರಿಕ ಸೇರಿದರು. ಅವರ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ತಂದೆ ತಾಯಿ ಹೊರಟರು. ಈಗ ಕೇವಲ ನೋಡಿ ಬರಲೆಂದೇ ಹೋಗುವವರೂ ಇದ್ದಾರೆ: ನಿವೃತ್ತ ಶಿಕ್ಷಕ ದಂಪತಿ, ಕಬ್ಬಿನ ಬಿಲ್ಲು ಕೈಗೆ ಬಂದ ರೈತ, ಪಶುಪತಿನಾಥ ಮುಕ್ತಿನಾಥ ಎಂದು ನೇಪಾಳಕ್ಕೆ ಹೊರಡುವ ಭಜನೆ ಗುಂಪು. ಇದನ್ನು ಶೋಕಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಬದುಕಿಡೀ ಮಣ್ಣಿನಲ್ಲಿ ದುಡಿದವರು ಒಮ್ಮೆ ಸಮುದ್ರದಾಚೆಯ ನೆಲ ನೋಡಬೇಕೆಂದರೆ ಅದು ನ್ಯಾಯವಾದ ಆಸೆ. ನ್ಯಾಯವಾದ ಆಸೆ ತಪ್ಪು ಹೊತ್ತಿನಲ್ಲಿ ಈಡೇರಿ ಕಹಿಯಾಗಬಾರದು ಎಂಬುದಷ್ಟೇ ನನ್ನ ಚಿಂತೆ.

ಇನ್ನು ನಮ್ಮ ಹಂಗಾಮು. ಜೂನ್ ಮೊದಲ ವಾರದಲ್ಲಿ ಮಿರಗ, ಅಂದರೆ ಮೃಗಶಿರಾ ಮಳೆ ಕೂಡುತ್ತದೆ. ಅಲ್ಲಿಂದ ಜುಲೈ ನಡುವಿನವರೆಗೆ ತೊಗರಿ, ಹೆಸರು, ಉದ್ದಿನ ಬಿತ್ತಿಗೆ. ಮಳೆ ಕೈಕೊಟ್ಟರೆ ಎರಡನೇ ಸಲ ಬಿತ್ತಬೇಕು, ಅಂದರೆ ಬೀಜ ಗೊಬ್ಬರಕ್ಕೆ ಎರಡನೇ ಸಲ ದುಡ್ಡು. ತೊಗರಿ ಒಂದೂವರೆ ತಿಂಗಳದ್ದಾದಾಗ ಕುಡಿ ಚಿವುಟಬೇಕು, ಹಾಗೆ ಮಾಡಿದರೆ ಟೊಂಗೆ ಒಡೆದು ಕಾಯಿ ಹೆಚ್ಚು. ಆಗಸ್ಟ್ ಕೊನೆಗೆ ಹೆಸರಿನ ರಾಶಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉತ್ತರಿ, ಹಸ್ತದ ಹದ ನೋಡಿ ಬಿಳಿಜೋಳ, ಕಡಲೆ ಬಿತ್ತಿಗೆ. ಆ ಹೊತ್ತಿಗೇ ತೊಗರಿ ಹೂವಿಗೆ ಬರುತ್ತದೆ.

ಈ ಹೂವಿನ ಕಾಲವನ್ನು ಸ್ವಲ್ಪ ನಿಂತು ನೋಡಬೇಕು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಮೋಡ ಕವಿದ ಒಂದು ವಾರ ಬಂತೆಂದರೆ ಕಾಯಿಕೊರಕ ಹುಳ ಏಳುತ್ತದೆ. ಬೆಳಿಗ್ಗೆ ಸಾಲಿನಲ್ಲಿ ಹೋಗಿ ಒಂದು ಗಿಡ ಬಗ್ಗಿಸಿ ಅಲ್ಲಾಡಿಸಿದರೆ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹಸಿರು ಹುಳಗಳು ಪಟಪಟ ಉದುರುತ್ತವೆ. ನಮ್ಮ ಜಿಲ್ಲೆಯ ರೈತರು ಔಷಧಿಯ ದುಡ್ಡು ಉಳಿಸಲು ಹೊಲಕ್ಕೆ ಹೊಲವನ್ನೇ ಹೀಗೆ ಅಲ್ಲಾಡಿಸಿದ್ದುಂಟು. ಎಷ್ಟು ಹುಳ ಬಿದ್ದವು, ಮೊಟ್ಟೆ ಇನ್ನೂ ಎಷ್ಟಿದೆ, ಇಂದೇ ಸಿಂಪಡಿಸಬೇಕೋ ಮೂರು ದಿನ ತಡೆಯಬಹುದೋ ಎಂಬುದನ್ನು ಅಲ್ಲೇ ನಿಂತವರು ತೀರ್ಮಾನಿಸಬೇಕು. ಫೋನಿನಲ್ಲಿ ಫೋಟೋ ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕೂಲಿಗೆ ಬಂದವರು ಹೇಳಿದ ಕೆಲಸ ಮಾಡುತ್ತಾರೆ, ಯಾವ ಕೆಲಸ ಎಂದು ಹೇಳಬೇಕಾದವರು ಯಜಮಾನರೇ. 2022ರ ಕೊನೆಯಲ್ಲಿ ನೆಟೆ ರೋಗ ಬಿದ್ದು ಜಿಲ್ಲೆಯ ತೊಗರಿ ನಿಂತ ನಿಲುವಿನಲ್ಲೇ ಒಣಗಿದ್ದನ್ನು ಕಂಡವರಿಗೆ ಈ ಎರಡು ತಿಂಗಳ ಭಯ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅಂದರೆ ದಸರಾ ರಜೆ ನಮಗೆ ಪ್ರವಾಸದ ಕಾಲವಲ್ಲ. ಜಾಹೀರಾತುಗಳ ಎರಡನೇ ಅಲೆ ಬರುವುದೇ ಆಗ. ಹೊಲದ ಜೊತೆಗೆ ಭೀಮಾ ನದಿಯ ಕಾರಣವೂ ಇದೆ. ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜನಿ ಜಲಾಶಯ ತುಂಬಿದರೆ ಅಲ್ಲಿ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ ಬರುತ್ತದೆ. ಅಫಜಲಪುರದ ದಂಡೆಯ ಊರುಗಳು, ಗಾಣಗಾಪುರದ ಸಂಗಮ, ಮುಂದೆ ಜೇವರ್ಗಿಯ ಹಳ್ಳಿಗಳು ನೀರಿಗೆ ಸಿಗುತ್ತವೆ. 2020ರ ಅಕ್ಟೋಬರ್‌ನಲ್ಲಿ ಹಾಗೇ ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ಕಲಬುರಗಿಗೆ ಹೋಗಲು ಕಟ್ಟಿಸಂಗಾವಿ ಸೇತುವೆಯನ್ನೇ ನಂಬಿದ ಜೇವರ್ಗಿಯವರು ಹೈದರಾಬಾದಿನ ವಿಮಾನ ಹಿಡಿಯಬೇಕಾದ ದಿನವೇ ಹೊಳೆ ದಾಟುವ ದಾರಿ ಬಂದ್ ಆದರೆ, ಟಿಕೆಟ್ಟಿನ ದುಡ್ಡು ಹೋದದ್ದಕ್ಕಿಂತ ದನಕರು ಬಿಟ್ಟು ಹೊರಟ ಸಂಕಟವೇ ಹೆಚ್ಚು.

ಡಿಸೆಂಬರ್ ನಡುವಿನಿಂದ ತೊಗರಿ ಕೊಯ್ಲು. ಎಳ್ಳಮಾವಾಸ್ಯೆಗೆ ಬಂಧುಬಳಗವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡು ಬರುವುದು ಈ ಕೊಯ್ಲಿನ ಆಸುಪಾಸಿನಲ್ಲೇ. ಸಂಕ್ರಾಂತಿ ಹೊತ್ತಿಗೆ ರಾಶಿ. ಆಮೇಲೆ ಮಾರಾಟ: ಅಡತಿಗೆ ಒಯ್ಯಬೇಕೋ, ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೆಸರು ಬರೆಸಬೇಕೋ? 2025–26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಕೇಂದ್ರಕ್ಕೆ ಕೊಟ್ಟರೆ ದುಡ್ಡು ಖಾತೆಗೆ ಬೀಳುವವರೆಗೆ ಕಾಯಬೇಕು. ಇದೆಲ್ಲ ಮುಗಿದಾಗ ಫೆಬ್ರುವರಿ.

ಒಣ ಬೇಸಾಯದ ತೊಗರಿ ರೈತನಿಗೆ ಹೊಲದ ಚಿಂತೆ ಕಡಿಮೆ ಇರುವ, ಕೈಯಲ್ಲಿ ದುಡ್ಡಿರುವ, ಮೈ ಸುಡುವ ಬಿಸಿಲು ಇನ್ನೂ ಬಾರದ ಕಾಲ ಫೆಬ್ರುವರಿ ಮೊದಲ ವಾರದಿಂದ ಮಾರ್ಚ್ ನಡುವಿನವರೆಗೆ. ಭೀಮೆಯ ದಂಡೆಯ ಆಳ ಎರೆಯಲ್ಲಿ ಬಿಳಿಜೋಳ ಬಿತ್ತಿದವರಿಗೆ ಸುಗ್ಗಿ ಮುಗಿಯುವವರೆಗೆ ಇದು ಸ್ವಲ್ಪ ಮುಂದೆ ಸರಿಯುತ್ತದೆ. ಅಫಜಲಪುರ, ಆಳಂದದ ಕಬ್ಬಿನವರ ಪಾಡು ಬೇರೆ. ಕಟಾವಿನ ಸರದಿ ಕಾರ್ಖಾನೆಯ ಕೈಯಲ್ಲಿ, ಕಡಿಯುವ ಗ್ಯಾಂಗ್ ಯಾವತ್ತು ಬರುತ್ತದೋ ಯಾರಿಗೂ ಗೊತ್ತಿಲ್ಲ. ಅವರು ಕಬ್ಬು ಕಾರ್ಖಾನೆಗೆ ಹೋದ ಮೇಲೆಯೇ ಟಿಕೆಟ್ ತೆಗೆಸುವುದು ಲೇಸು.

ಹೊರಗಿನ ಹವೆಯೂ ಇದೇ ಕಾಲಕ್ಕೆ ಕೂಡಿ ಬರುತ್ತದೆ. ಫೆಬ್ರುವರಿಯಲ್ಲಿ ದುಬೈನ ಹಗಲು 25 ಡಿಗ್ರಿಯ ಸುತ್ತಮುತ್ತ. ಥಾಯ್ಲೆಂಡಿನ ಫುಕೆಟ್ ಕಡೆ ಸಮುದ್ರ ಶಾಂತವಾಗಿರುತ್ತದೆ, ಬ್ಯಾಂಕಾಕಿನಲ್ಲಿ ಏಪ್ರಿಲ್‌ನ ಧಗೆ ಇನ್ನೂ ದೂರ. ಸಿಂಗಪುರದಲ್ಲಿ ವರ್ಷವಿಡೀ ಮಳೆ ಇದ್ದರೂ ಫೆಬ್ರುವರಿ ಕಡಿಮೆ ಮಳೆಯ ತಿಂಗಳು. ಶ್ರೀಲಂಕೆಯ ನೈರುತ್ಯ ಭಾಗದ ಕೊಲಂಬೊ, ಗಾಲೆ, ಜೊತೆಗೆ ಕ್ಯಾಂಡಿ ನೋಡಲು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಸರಿ. ಹೊಸ ವರ್ಷದ ನೂಕುನುಗ್ಗಲು ಮುಗಿದು, ನಮ್ಮ ಶಾಲೆಗಳ ರಜೆ ಇನ್ನೂ ಶುರುವಾಗದ ಕಾರಣ ವಿಮಾನದ ದರವೂ ಬೇಸಿಗೆ ರಜೆಗಿಂತ ಸಾಮಾನ್ಯವಾಗಿ ಇಳಿದಿರುತ್ತದೆ. ಹೊಲ, ಹಣ, ಹವೆ ಮೂರೂ ಒಟ್ಟಿಗೆ ಸಿಗುವ ಇಂಥ ಐದಾರು ವಾರ ವರ್ಷದಲ್ಲಿ ಇನ್ನೊಂದಿಲ್ಲ.

ಋತು ನೋಡಿ ದೂರದೇಶಕ್ಕೆ ಹೊರಡುವುದು ಈ ನೆಲಕ್ಕೆ ಹೊಸತೂ ಅಲ್ಲ. 1470ರ ಆಸುಪಾಸಿನಲ್ಲಿ ರಷ್ಯದ ಟ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜ್ಯಕ್ಕೆ ಬಂದಿದ್ದ. ಹೋರ್ಮುಜ್‌ನಿಂದ ಹಡಗು ಹತ್ತಿ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಮಳೆಗಾಲ ಹಿಡಿದುಕೊಂಡಿತು, ಅಲ್ಲೇ ಉಳಿದ. ನಾಲ್ಕು ತಿಂಗಳು ಎಲ್ಲೆಡೆ ನೀರು ಕೆಸರು, ಜನ ಉಳುವುದು ಬಿತ್ತುವುದು ಆಗಲೇ ಎಂದು ಬರೆದಿಟ್ಟ. ಆಮೇಲೆ ಬೀದರಿಗೆ ಬಂದವನು ಆಳಂದದ ಜಾತ್ರೆಯ ಸುದ್ದಿ ಬರೆದಿದ್ದಾನೆ. ನಾವು ಲಾಡ್ಲೆ ಮಶಾಕ್ ಎಂದು ಕರೆಯುವ ಶೇಖ್ ಅಲಾಉದ್ದೀನರ ಹೆಸರಿನಲ್ಲಿ ಹತ್ತು ದಿನ ಸಂತೆ, ಇಪ್ಪತ್ತು ಸಾವಿರದವರೆಗೆ ಕುದುರೆಗಳು, ದೇಶದ ಎಲ್ಲ ಕಡೆಯ ಸರಕು. ಅವನ ಪಂಚಾಂಗದ ಪ್ರಕಾರ ಅದು ಅಕ್ಟೋಬರ್ ಆರಂಭ, ಅಂದರೆ ಮಳೆ ಹಿಂದೆಗೆದು ದಾರಿ ಗಟ್ಟಿಯಾಗುವ ಹೊತ್ತು. ಸಾವಿರಾರು ಕುದುರೆಗಳನ್ನು ದೂರದೂರದಿಂದ ಅಟ್ಟಿಕೊಂಡು ಬರುವವರು ಬರುವ ದಾರಿಯನ್ನೂ ಬಿಟ್ಟು ಬಂದ ಊರನ್ನೂ ಲೆಕ್ಕ ಹಾಕದೆ ಹೊರಟಿರಲಾರರು. ವಿಮಾನ ಬಂದು ದಾರಿಯ ಲೆಕ್ಕ ಸುಲಭವಾಯಿತು, ಊರಿನ ಲೆಕ್ಕ ಇದ್ದಲ್ಲೇ ಇದೆ.

ಫೆಬ್ರುವರಿ ಎಂದೊಡನೆ ಎದುರಾಗುವ ಆಕ್ಷೇಪ ಗೊತ್ತು: ಮಕ್ಕಳ ಪರೀಕ್ಷೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ, ಶಿಕ್ಷಕರ ಮನೆಗೆ ಈ ಕಾಲ ಇಲ್ಲ. ಅವರಿಗೆ ಉಳಿಯುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಹೊಲದ ದೃಷ್ಟಿಯಿಂದ ಇದರಲ್ಲಿ ತೊಂದರೆ ಇಲ್ಲ. ನೆಲ ಬಿರಿದು ಬಿಸಿಲಿಗೆ ಕಾಯುತ್ತಿರುತ್ತದೆ, ಮಾಗಿ ಉಳುಮೆ ಆಗಿದ್ದರೆ ಯಜಮಾನನಿಗೆ ಮಿರಗದವರೆಗೆ ಬಿಡುವು. ಬಿಸಿಲು ಎಂಥದ್ದೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉಷ್ಣಾಂಶ 43, 44 ಮುಟ್ಟುವ ಊರಿನಿಂದ ಒಂದಿಷ್ಟು ದಿನ ದೂರ ಹೋಗಬೇಕೆನ್ನುವುದು ತಿಳಿವಳಿಕೆಯ ಮಾತೇ.

ಎಲ್ಲಿಗೆ ಎಂಬಲ್ಲಿ ಎಡವುತ್ತೇವೆ. ಮೇ ತಿಂಗಳಲ್ಲಿ ಅಗ್ಗವೆಂದು ಮುಂದೆ ಬರುವುದು ದುಬೈ. ಆಗ ಅಲ್ಲಿ ಹಗಲಿನ ಬಿಸಿಲು ಸಾಮಾನ್ಯವಾಗಿ 38ರ ಆಸುಪಾಸಿನಲ್ಲಿರುತ್ತದೆ, ಸಮುದ್ರದ ಸೆಕೆ ಬೇರೆ. ಅಗ್ಗ ಯಾಕೆಂದರೆ ಬೇರೆ ದೇಶದವರು ಆಗ ಅಲ್ಲಿಗೆ ಹೋಗುವುದು ಕಡಿಮೆ. ಅಲ್ಲಿಗೆ ಹೋದ ನಮ್ಮವರು ಹಗಲೆಲ್ಲ ಮಾಲ್‌ನ ಎಸಿಯಲ್ಲಿ ತಿರುಗಿ ರಾತ್ರಿ ಹೊರಬರುತ್ತಾರೆ. ಮಕ್ಕಳಿಗೆ ಖುಷಿಯಾಗಬಹುದು, ಆದರೆ ಬಿಸಿಲು ತಪ್ಪಿಸಿಕೊಳ್ಳಲು ಹೊರಟವರಿಗೆ ಇದು ದಾರಿಯಲ್ಲ. ಅದೇ ದಿನಗಳಲ್ಲಿ ಬಾಲಿಯಲ್ಲಿ ಮಳೆ ನಿಂತು ಒಣ ಕಾಲ ಶುರುವಾಗಿರುತ್ತದೆ. ನೇಪಾಳಕ್ಕೆ ವೀಸಾ ಬೇಡ, ಏಪ್ರಿಲ್‌ನಲ್ಲಿ ಹವೆ ಹಿತ. ಮುಕ್ತಿನಾಥ 3,700 ಮೀಟರಿಗೂ ಎತ್ತರದಲ್ಲಿರುವುದರಿಂದ ಉಸಿರಾಟದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಯುರೋಪಿಗೆ ಮೇ ತಿಂಗಳು ಚೆನ್ನ. ಜುಲೈ, ಆಗಸ್ಟ್‌ನ ಜನಜಂಗುಳಿಯಾಗಲಿ ದರವಾಗಲಿ ಆಗ ಇರುವುದಿಲ್ಲ. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳ ಪ್ರವಾಸಕ್ಕೆ ರಾಶಿ ಮುಗಿದ ಕೂಡಲೇ ಕಾಗದಪತ್ರ ಹೊಂದಿಸಿಕೊಂಡರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಯೂ ಹಣ ಕಾಣುತ್ತದೆ, ವೀಸಾದವರು ನೋಡುವುದೂ ಅದನ್ನೇ.

ಲಂಡನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅಲ್ಲಿನ ಥೇಮ್ಸ್ ದಂಡೆಯ ಮೇಲೆ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಬಸವೇಶ್ವರರ ಪುತ್ಥಳಿ ಅನಾವರಣ ಮಾಡಿದರು. ಅದರ ಹಿಂದೆ ದುಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ. ಅಂದಿನಿಂದ ಈ ಭಾಗದ ಶರಣ ಕುಟುಂಬಗಳಲ್ಲಿ ಲಂಡನ್ನಿಗೆ ಹೋಗಿ ಅಣ್ಣನವರಿಗೆ ಕೈ ಮುಗಿದು ಬರಬೇಕೆಂಬ ಆಸೆ ಬೆಳೆದಿದೆ. ಡಿಸೆಂಬರ್ ಕೊನೆಯಲ್ಲಿ ಹೋದರೆ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮೇ ನಡುವಿನಲ್ಲಿ ರಾತ್ರಿ ಎಂಟೂವರೆಯವರೆಗೆ ಬೆಳಕಿರುತ್ತದೆ. ಬಸವ ಜಯಂತಿ ಬೀಳುವುದು ಏಪ್ರಿಲ್ ಕೊನೆ, ಮೇ ಆರಂಭದ ಆಸುಪಾಸಿನಲ್ಲೇ. ಜಯಂತಿಯ ದಿನ ಆ ನದಿದಂಡೆಯಲ್ಲಿ ನಿಲ್ಲಬೇಕೆನ್ನುವ ಆಳಂದದ ಕುಟುಂಬಕ್ಕೆ ಶಾಲೆಯ ರಜೆ, ಹೊಲದ ಬಿಡುವು, ಅಲ್ಲಿನ ಹಗಲು ಮೂರೂ ಆಗ ಅನುಕೂಲ.

ಇನ್ನು ಅಮೆರಿಕ. ಇದರ ಬಗ್ಗೆ ನನಗೆ ಹೇಳಬೇಕಾದದ್ದು ಬಹಳವಿದೆ. ಏಕೆಂದರೆ ಇಲ್ಲಿ ಋತು ಆರಿಸುವವರು ಹೋಗುವವರಲ್ಲ, ಕರೆಸಿಕೊಳ್ಳುವವರು. ಮಗನೋ ಮಗಳೋ ತಮ್ಮ ಕಂಪನಿಯ ಕೆಲಸ, ಹೆರಿಗೆಯ ದಿನ, ಟಿಕೆಟ್ಟಿನ ದರ ನೋಡಿ ತಾರೀಕು ಗೊತ್ತು ಮಾಡುತ್ತಾರೆ. ಹೆರಿಗೆಗೆ ಋತು ಕೇಳಲಾಗದು, ಅದು ಬೇರೆ ಮಾತು. ಉಳಿದ ಸಲ ಕೇಳಬಹುದು. ಜನವರಿಯಲ್ಲಿ ಶಿಕಾಗೊಗೆ ಹೋದ ತಾಯಿ ಮೂರು ತಿಂಗಳು ಕಿಟಕಿಯಿಂದ ಹಿಮ ನೋಡುತ್ತ ಕೂರುತ್ತಾಳೆ. ಹೊರಗೆ ಹೆಜ್ಜೆ ಇಡಲು ಜಾರುವ ಭಯ, ಮಂಡಿನೋವು ಚಳಿಗೆ ಹೆಚ್ಚುತ್ತದೆ, ಮಾತಾಡಲು ನೆರೆಯವರಿಲ್ಲ. ಬೆಳಗಾದರೆ ಅಂಗಳಕ್ಕೆ ನೀರು ಚಿಮುಕಿಸಿ ಓಣಿಯ ನಾಲ್ಕು ಜನರ ಜೊತೆ ಮಾತಾಡಿ ಬದುಕಿದವಳಿಗೆ ಅದೊಂದು ಬಂದೀಖಾನೆ. ಅದೇ ತಾಯಿ ಏಪ್ರಿಲ್ ನಡುವಿನಲ್ಲಿ ಹೋದರೆ ಮೊಮ್ಮಗನ ಕೈ ಹಿಡಿದು ಪಾರ್ಕಿಗೆ ನಡೆಯುತ್ತಾಳೆ, ಹಿತ್ತಲಲ್ಲಿ ಮೆಂತೆ, ಪುಂಡಿ ಸೊಪ್ಪು ಹಾಕುತ್ತಾಳೆ. ಇಲ್ಲಿನ 44 ಡಿಗ್ರಿಯೂ ತಪ್ಪಿತು, ಅಲ್ಲಿನ ಹಿಮವೂ ತಪ್ಪಿತು.

ಹಾಗಾದರೆ ಎಷ್ಟು ದಿನ? ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಟಿಕೆಟ್ಟಿಗೆ ಇಷ್ಟು ಖರ್ಚು ಮಾಡಿದ್ದೇವೆ, ಆರು ತಿಂಗಳೂ ಇದ್ದು ಹೋಗಲಿ ಎಂಬುದು ಮಕ್ಕಳ ಪ್ರೀತಿಯ ಲೆಕ್ಕ. ಅದು ತಂದೆಗೆ ಒಗ್ಗುವುದಿಲ್ಲ. ಮೇ ಕಳೆಯುತ್ತಿದ್ದಂತೆ ಅವರ ಗಮನ ಊರಿಗೆ ಓಡುತ್ತದೆ. ಜೇವರ್ಗಿ ಕಡೆಯ ಹಿರಿಯರೊಬ್ಬರು ಜೂನ್ ತಿಂಗಳಿಡೀ ನ್ಯೂಜೆರ್ಸಿಯಿಂದ ತಮ್ಮನಿಗೆ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ: “ಮಳಿ ಬಿದ್ದಾದೇನೋ? ಮಡ್ಡಿ ಹೊಲ ಬಿತ್ತಿದ್ರೇನು?” ಎದುರಿಗೆ ಮಗ ನಯಾಗರಾ ತೋರಿಸಲು ಕಾರು ತೆಗೆದು ನಿಂತಿದ್ದ. ಅಲ್ಲಿ ಬೀಳುವ ನೀರು ಅವರಿಗೆ ಕಂಡಿತೋ ಇಲ್ಲವೋ, ಮನಸ್ಸು ಮಾತ್ರ ಇಲ್ಲಿ ಬೀಳದ ಮಳೆಯಲ್ಲಿತ್ತು. ಹೊಲವನ್ನು ಲಾವಣಿಗೆ ಕೊಟ್ಟವರು, ಪಾಲಿಗೆ ಹಾಕಿದವರು ಆರು ತಿಂಗಳೂ ಇದ್ದು ಬರಲಿ. ತಾವೇ ಬಿತ್ತುವವರನ್ನು ಏಪ್ರಿಲ್‌ನಲ್ಲಿ ಕರೆಸಿ ಜೂನ್ ಮೊದಲ ವಾರಕ್ಕೆ ಕಳಿಸಿಕೊಡಬೇಕು. ಏಳೆಂಟು ವಾರ ನೆಮ್ಮದಿಯಾಗಿ ಇದ್ದದ್ದು, ಆರು ತಿಂಗಳು ಚಡಪಡಿಸಿದ್ದಕ್ಕಿಂತ ಹೆಚ್ಚು.

ಮಕ್ಕಳು ಊರಿಗೆ ಬರುವ ಕಾಲವೂ ಇದಕ್ಕೆ ಸೇರಿದ್ದೇ. ಅಮೆರಿಕದಲ್ಲಿ ಕ್ರಿಸ್‌ಮಸ್ ರಜೆ ಸಿಗುವುದರಿಂದ ಅವರು ಬರುವುದು ಡಿಸೆಂಬರ್ ಕೊನೆಗೆ. ಮನೆಯವರೆಲ್ಲ ಕೊಯ್ಲು, ರಾಶಿಯಲ್ಲಿ ಮುಳುಗಿರುವ ದಿನಗಳವು. ಇದನ್ನು ತೊಂದರೆ ಎಂದು ನಾನು ನೋಡುವುದಿಲ್ಲ. ಡಲ್ಲಾಸಿನಲ್ಲಿ ಹುಟ್ಟಿದ ಮೊಮ್ಮಗಳು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಭಜ್ಜಿ ಉಂಡು, ಮೆಷಿನ್ನಿನಿಂದ ತೊಗರಿ ಧಾರೆಯಾಗಿ ಬೀಳುವುದನ್ನು ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಅಲ್ಲಿನವರಿಗೆ ಹೊರದೇಶ ಎಂದರೆ ನಮ್ಮ ದೇಶ, ಅವರ ಪಟ್ಟಿಯಲ್ಲೂ ಕಲಬುರಗಿಗೆ ಡಿಸೆಂಬರ್, ಜನವರಿಯೇ ಸರಿ. ಬಂದವರು ಎರಡೇ ದಿನ ಊರಲ್ಲಿದ್ದು ಗೋವಾಕ್ಕೆ ಓಡದೆ, ರಾಶಿ ಮುಗಿಯುವವರೆಗೆ ಇರಲಿ ಎಂಬುದಷ್ಟೇ ಬೇಡಿಕೆ.

ಋತುವನ್ನು ಮನುಷ್ಯ ಆರಿಸಲಾಗದ ಯಾತ್ರೆ ಹಜ್. ಚಂದ್ರಮಾನದ ತಿಂಗಳಿಗೆ ಅದು ಬದ್ಧ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2024ರ ಜೂನ್ ನಡುವಿನಲ್ಲಿ ಹಜ್ ನಡೆದಾಗ ಮೆಕ್ಕಾದ ಮಸೀದಿಯ ಬಳಿ ಉಷ್ಣಾಂಶ 51.8 ಡಿಗ್ರಿ ಮುಟ್ಟಿತು. 1,300ಕ್ಕೂ ಹೆಚ್ಚು ಜನ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಹೋಗಿದ್ದರಿಂದ ನೆರಳು, ವಾಹನದ ಸೌಕರ್ಯ ಸಿಗದೆ ಬಿಸಿಲಲ್ಲಿ ಬಹುದೂರ ನಡೆದವರು. 2025ರಲ್ಲಿ ಹಜ್ ಜೂನ್ ಮೊದಲ ವಾರಕ್ಕೆ ಬಂತು, 2026ರದ್ದು ಮೇ ಕೊನೆಯ ವಾರಕ್ಕೆ. ಹೀಗೇ ಸರಿದು 2030ಕ್ಕೆ ಏಪ್ರಿಲ್ ನಡುವಿಗೆ, 2033ಕ್ಕೆ ಮಾರ್ಚ್ ಎರಡನೇ ವಾರಕ್ಕೆ, 2035ಕ್ಕೆ ಫೆಬ್ರುವರಿ ನಡುವಿಗೆ ಬರುತ್ತದೆ. ಹಜ್ ಸಮಿತಿಯ ಮೂಲಕ ಹೋದವರು ಸುಮಾರು ನಲವತ್ತು ದಿನ ಅಲ್ಲಿರುತ್ತಾರೆ ಎಂದಿಟ್ಟುಕೊಂಡರೆ, ನಮ್ಮ ರೈತ ಹಾಜಿಗೆ ಹೊಲವೂ ಹವೆಯೂ ಕೂಡಿ ಬರುವುದು 2033ರಿಂದ ಆಚೆಗಿನ ಒಂದೆರಡು ವರ್ಷಗಳಲ್ಲಿ.

ಇದನ್ನು ಹೇಳುವಾಗ ಎಚ್ಚರ ಬೇಕು. ಶಕ್ತಿ ಬಂದ ಮೇಲೆ ಹಜ್ ಮುಂದೂಡಬಾರದು ಎಂದು ನಂಬುವವರ ಮುಂದೆ ಹವೆಯ ಲೆಕ್ಕ ಹಿಡಿದು ನಿಲ್ಲುವುದು ನನ್ನ ಕೆಲಸವಲ್ಲ. ವಯಸ್ಸಾದವರಿಗೆ ಏಳೆಂಟು ವರ್ಷ ಕಾಯಿರಿ ಎನ್ನುವುದೂ ನ್ಯಾಯವಲ್ಲ. ಈಗಿನ ವರ್ಷಗಳಲ್ಲೇ ಹೋಗುವವರಿಗೆ ಒಂದು ಸಮಾಧಾನವಿದೆ: ಮೇ ಕೊನೆಯ ಹಜ್ ಹೊಲಕ್ಕೆ ಅಡ್ಡಿಯಲ್ಲ, ಮರಳುವ ಹೊತ್ತಿಗೆ ಬಿತ್ತಿಗೆ ಹದ ಬಂದಿರುತ್ತದೆ. ಅಡ್ಡಿಯಾಗುವುದು ಹಣ ಕಟ್ಟುವ ಕಾಲ. 2025ರ ಹಜ್‌ಗೆ ಅರ್ಜಿ ಕರೆದದ್ದು 2024ರ ಆಗಸ್ಟ್‌ನಲ್ಲಿ, ಮೊದಲ ಕಂತು 1,30,300 ರೂಪಾಯಿ. 2026ರದ್ದಕ್ಕೆ 2025ರ ಜುಲೈನಲ್ಲೇ ಅರ್ಜಿ, ಮೊದಲ ಕಂತು 1,52,300. ಜುಲೈ, ಆಗಸ್ಟ್ ಎಂದರೆ ಬೀಜ, ಗೊಬ್ಬರ, ಕಳೆಗೆ ಇದ್ದಬದ್ದ ಹಣ ಸುರಿದು ಕೈ ಬರಿದಾದ ತಿಂಗಳು. ಗಂಡ ಹೆಂಡತಿ ಇಬ್ಬರ ಕಂತನ್ನು ಆಗ ಹೊಂದಿಸಲು ಬಡ್ಡಿ ಸಾಲಕ್ಕೆ ಕೈ ಚಾಚುವ ಸ್ಥಿತಿ ಬರಬಾರದು. ತೊಗರಿ ಮಾರಿದ ಫೆಬ್ರುವರಿಯಲ್ಲೇ ಆ ಮೊತ್ತ ಬೇರೆ ತೆಗೆದಿಟ್ಟವರು ಮಾತ್ರ ಆಗಸ್ಟ್‌ನಲ್ಲಿ ನಿರಾಳವಾಗಿ ಅರ್ಜಿ ಹಾಕಬಲ್ಲರು.

ಹಜ್‌ನಂತಲ್ಲದೆ ಉಮ್ರಾ ಯಾತ್ರೆಗೆ ಕಾಲ ಆರಿಸುವ ಅವಕಾಶವಿದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೆಕ್ಕಾ, ಮದೀನಾದ ಹವೆ ಹಿರಿಯರಿಗೆ ತಡೆಯುವಂಥದ್ದು. ರಂಜಾನ್ ತಿಂಗಳ ಉಮ್ರಾಕ್ಕೆ ಪುಣ್ಯ ಹೆಚ್ಚು ಎಂಬ ನಂಬಿಕೆಯಿಂದ ಆಗ ಜನವೂ ಹೆಚ್ಚು, ಕೋಣೆಯ ಬಾಡಿಗೆಯೂ ಹೆಚ್ಚು. 2026, 2027ರಲ್ಲಿ ರಂಜಾನ್ ಫೆಬ್ರುವರಿ, ಮಾರ್ಚ್‌ಗೇ ಬೀಳುವುದರಿಂದ ನಾನು ಹೇಳಿದ ಬಿಡುವಿನ ವಾರಗಳು ಆ ವರ್ಷಗಳಲ್ಲಿ ದುಬಾರಿ. ಮಂಡಿನೋವು, ಸಕ್ಕರೆ ಕಾಯಿಲೆ ಇರುವ ತಾಯಿಯನ್ನು ಕರೆದೊಯ್ಯುವವರು ರಾಶಿ ಮುಗಿಸಿ ರಂಜಾನ್‌ಗೆ ಮೊದಲೇ ಹೋಗಿಬಂದರೆ ಗದ್ದಲದಲ್ಲಿ ನುಜ್ಜುಗುಜ್ಜಾಗುವುದು ತಪ್ಪುತ್ತದೆ.

ಕೈಲಾಸ–ಮಾನಸ ಸರೋವರದ ಮಾತು ಇದಕ್ಕೆ ವಿರುದ್ಧ. 2020ರಿಂದ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾಗಿದೆ. ಸರ್ಕಾರ ಅದನ್ನು ನಡೆಸುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಚಳಿಗಾಲದಲ್ಲಿ ಹಿಮ ಬಿಡುವುದಿಲ್ಲ. ಬಿತ್ತುವ ರೈತ ಅದಕ್ಕೆ ಹೋಗಬೇಕೆಂದರೆ ಒಂದು ವರ್ಷದ ಮುಂಗಾರನ್ನು ಅಣ್ಣತಮ್ಮಂದಿರ ಕೈಗೆ ಒಪ್ಪಿಸಿಯೇ ಹೋಗಬೇಕು. ಹಾಗೆ ಒಪ್ಪಿಸಬಲ್ಲ ಮನೆಗಳು ಇನ್ನೂ ಇವೆ.

ಹವೆಯೇ ಮಾತು ತಪ್ಪುತ್ತಿರುವ ಕಾಲದಲ್ಲಿ ಋತುವಿನ ಲೆಕ್ಕ ಎಷ್ಟು ನಂಬಬಹುದು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. 2024ರ ಏಪ್ರಿಲ್ 16ರಂದು ಮರುಭೂಮಿಯ ದುಬೈನಲ್ಲಿ ಒಂದೇ ದಿನ ಒಂದು ವರ್ಷಕ್ಕೂ ಮಿಕ್ಕಿದ ಮಳೆ ಸುರಿದು ವಿಮಾನ ನಿಲ್ದಾಣವೇ ಕೆರೆಯಾಯಿತು. ನಮ್ಮಲ್ಲೂ ಮಿರಗ ಒಣಗಿ ಹೋಗಿ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕುತ್ತದೆ. ಆದರೆ ಲೆಕ್ಕ ತಪ್ಪಬಹುದೆಂದು ಲೆಕ್ಕವನ್ನೇ ಬಿಡುವ ರೈತ ಯಾರೂ ಇಲ್ಲ. ತಾರೀಕು ಬದಲಿಸಲು ಅವಕಾಶವಿರುವ ಟಿಕೆಟ್ ತೆಗೆದುಕೊಳ್ಳಬೇಕು, ಪ್ರವಾಸ ವಿಮೆ ಮಾಡಿಸಬೇಕು, ಹೊರಡುವ ಹಿಂದಿನ ದಿನವೇ ಹೈದರಾಬಾದ್ ಅಥವಾ ಮುಂಬೈ ತಲುಪಿರಬೇಕು. ಆಳಂದ, ಅಫಜಲಪುರದವರು ಸೊಲ್ಲಾಪುರ ಮೇಲೆ ರೈಲು ಹಿಡಿದು ಮುಂಬೈಗೆ ಹೋಗುವುದು ರೂಢಿ. ಮಳೆಗಾಲದಲ್ಲಿ ಆ ದಾರಿಯ ರೈಲನ್ನು ಅದೇ ದಿನದ ವಿಮಾನಕ್ಕೆ ನಂಬಬಾರದು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಈ ಕಷ್ಟ ತೀರಿತೆಂದು ಬಹಳ ಜನ ಆಸೆಪಟ್ಟಿದ್ದರು. ಹೊರದೇಶಕ್ಕೆ ಹೋಗುವವರಿಗೆ ಮಾತ್ರ ಇಂದಿಗೂ 220 ಕಿಲೋಮೀಟರ್ ದೂರದ ಹೈದರಾಬಾದೇ ಹತ್ತಿರದ ಬಾಗಿಲು.

ಪ್ರವಾಸ ಏರ್ಪಡಿಸುವವರನ್ನೂ ಒಂದು ಮಾತು ಕೇಳಬೇಕಿದೆ. ಕಲಬುರಗಿಯಲ್ಲಿ ಕೂತು ವ್ಯಾಪಾರ ಮಾಡುವವರು ಬೆಂಗಳೂರಿನ ರಜೆಪಟ್ಟಿ ಇಟ್ಟುಕೊಂಡು ಪ್ಯಾಕೇಜ್ ಮಾಡುತ್ತಾರೆ. ತೊಗರಿ ರಾಶಿ ಮುಗಿದ ಫೆಬ್ರುವರಿಗೆ ಹೈದರಾಬಾದಿನಿಂದ ಹೊರಡುವ ಒಂದು ಗುಂಪು, ಜೊತೆಗೆ ಕನ್ನಡ ಬಲ್ಲ ಒಬ್ಬ ಮೇಲ್ವಿಚಾರಕ, ಮುಂಗಡವನ್ನು ಮಾರಾಟದ ದುಡ್ಡು ಬಂದ ಮೇಲೆ ಕಟ್ಟುವ ಸೌಲಭ್ಯ, ಊಟಕ್ಕೆ ಜೋಳದ ರೊಟ್ಟಿ ಪುಂಡಿಪಲ್ಯ ಇಲ್ಲದಿದ್ದರೂ ಬೇಳೆ ಅನ್ನ. ಇಷ್ಟು ಮಾಡಿದರೆ ಮೂರು ತಾಲ್ಲೂಕಿನಿಂದಲೂ ನಿವೃತ್ತರು, ಮಕ್ಕಳ ಓದು ಮುಗಿಸಿದ ರೈತ ದಂಪತಿಗಳು ಹೊರಡುತ್ತಾರೆ. ಅವರಲ್ಲಿ ಎಷ್ಟೋ ಹೆಣ್ಣುಮಕ್ಕಳು ತವರು, ಗಂಡನ ಮನೆ, ಗಾಣಗಾಪುರ, ಪಂಢರಪುರ ಬಿಟ್ಟು ಬೇರೆ ಊರು ಕಂಡವರಲ್ಲ. ಬಿತ್ತಿಗೆಯಿಂದ ರಾಶಿಯವರೆಗೆ ಗಂಡಸರಷ್ಟೇ, ಬಹಳ ಸಲ ಅವರಿಗಿಂತ ಹೆಚ್ಚು ದುಡಿದವರು ಅವರು. ಈ ವರ್ಷ ಯಾವ ತಿಂಗಳು ಹೋಗೋಣ ಎಂದು ಮನೆಯಲ್ಲಿ ಮಾತು ಬಂದಾಗ ಮೊದಲು ಅವರನ್ನು ಕೇಳಿ. ಯಾವ ವಾರ ಹೊಲ ಬಿಡಬಹುದು, ಯಾವ ವಾರ ಎಮ್ಮೆ ಈಯುತ್ತದೆ, ಯಾರ ಮನೆಯ ಮದುವೆ ಯಾವಾಗ, ಶರಣಬಸವೇಶ್ವರರ ತೇರು ಯಾವತ್ತು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿರುತ್ತದೆ.